ಅಪ್ಪನಿಗೆ ರಕ್ತ ತೆಳು ಮಾಡುವ ಮಾತ್ರೆ: ಅನುಭವ ಇದ್ದವರು ಹೇಳಿ

ಪೆರ್ಲದಿಂದ:
ಅಪ್ಪನಿಗೆ 71. ಬಿಪಿ ಹದಿನೈದು ವರ್ಷದಿಂದ ಇದೆ. ಹೋದ ತಿಂಗಳು ಇಸಿಜಿಯಲ್ಲಿ ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಎದೆಬಡಿತ ಲಯ ತಪ್ಪಿದೆ ಅಂತ ಬಂತು. ಎಕೋ ಸ್ಕ್ಯಾನಿನಲ್ಲಿ ಹೃದಯದ ವಾಲ್ವ್ ಸರಿ ಇದೆ. ಪಕ್ಷವಾತ ಆಗದಂತೆ ಮಾತ್ರೆ ಶುರು ಮಾಡಲೇಬೇಕಂತೆ. ಒಬ್ಬ ಡಾಕ್ಟರು ಅಸಿಟ್ರೋಮ್ ಎಂದರು, ಇನ್ನೊಬ್ಬರು ಅಪಿಕ್ಸಬಾನ್. ಅಪ್ಪ ದಿನಾ ಕತ್ತಿ ಹಿಡಿದು ತೋಟಕ್ಕೆ ಇಳಿಯುವವರು. ಗಾಯ ಆದರೆ ರಕ್ತ ನಿಲ್ಲುವುದಿಲ್ಲ ಅಂತ ಹೆದರಿ ಎರಡೂ ಬೇಡ ಎನ್ನುತ್ತಿದ್ದಾರೆ. ಏನು ಮಾಡಲಿ?

ಬದಿಯಡ್ಕದಿಂದ:
ನನ್ನದು ಲೋಹದ ವಾಲ್ವ್. 2012ರಲ್ಲಿ ಮಂಗಳೂರಿನಲ್ಲಿ ಹಾಕಿಸಿದ್ದು. ಸಣ್ಣವನಿರುವಾಗ ಗಂಟಲು ನೋವು, ಆಮೇಲೆ ಕೀಲು ಬಾವು ಬಂದಿತ್ತು. ಯಾರೂ ಗಮನಿಸಲಿಲ್ಲ, ಅದು ಮೈಟ್ರಲ್ ವಾಲ್ವನ್ನೇ ತಿಂದಿತು. ಅಂದಿನಿಂದ ಅಸಿಟ್ರೋಮ್. ನನ್ನ ಐಎನ್‌ಆರ್, ಅಂದರೆ ರಕ್ತ ಎಷ್ಟು ತೆಳು ಆಗಿದೆ ಎನ್ನುವ ಅಳತೆ, 2.5ರಿಂದ 3.5ರ ಒಳಗೆ ನಿಲ್ಲಬೇಕು. ಮೊದಲು ವಾರಕ್ಕೊಮ್ಮೆ, ಈಗ ತಿಂಗಳಿಗೊಮ್ಮೆ ಪರೀಕ್ಷೆ. ಸಲಕ್ಕೆ 250 ರೂಪಾಯಿ, ಬಸ್ಸು ಬೇರೆ, ಅರ್ಧ ದಿನದ ಕೆಲಸ ಹೋಯಿತು. ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. 2016ರ ಮಳೆಗಾಲದಲ್ಲಿ ಬಸಳೆ ಚಪ್ಪರ ತುಂಬಿತ್ತು. ಮೂರು ವಾರ ದಿನಾ ಬಸಳೆ ಕೊದಿಲು. ಐಎನ್‌ಆರ್ 1.4ಕ್ಕೆ ಇಳಿಯಿತು. ಸೊಪ್ಪು ಬಿಡಬೇಕಾಗಿಲ್ಲ, ತಿನ್ನುವ ಲೆಕ್ಕ ಒಂದೇ ರೀತಿ ಇರಬೇಕು. ಮರುವರ್ಷ ಹಲ್ಲು ನೋವಿಗೆ ಅಂಗಡಿಯಿಂದ ಕೇಳಿ ತಂದ ಮೆಟ್ರೋನಿಡಜೋಲ್ ಎಂಬ ಆ್ಯಂಟಿಬಯೋಟಿಕ್ ನುಂಗಿದೆ. 6.8ಕ್ಕೆ ಹಾರಿತು. ಒಸಡಿನಿಂದ ರಕ್ತ, ತಲೆದಿಂಬೆಲ್ಲ ಕೆಂಪು. ಎರಡು ದಿನ ಆಸ್ಪತ್ರೆ, 14,600 ರೂಪಾಯಿ. ಅದು ಬಿಟ್ಟರೆ ಇಷ್ಟು ವರ್ಷ ಏನೂ ಆಗಿಲ್ಲ. ನಾನೂ ಅಡಿಕೆ ಸುಲಿಯುವವನೇ. ಕೈ ಕೊಯ್ದರೆ ಬಟ್ಟೆ ಒತ್ತಿ ಹಿಡಿಯುತ್ತೇನೆ. ಸ್ವಲ್ಪ ತಡವಾಗಿ ನಿಲ್ಲುತ್ತದೆ, ನಿಲ್ಲುತ್ತದೆ.

ಕುಂಬಳೆಯಿಂದ:
ಮಾತ್ರೆ ಬೇಡ ಎನ್ನುವ ನಿಮ್ಮ ಅಪ್ಪನಿಗೆ ಇದನ್ನು ಓದಿ ಹೇಳಿ. ನಮ್ಮ ಯಜಮಾನರಿಗೆ ಬಿಪಿ 128/80 ಬಂತು. ಸರಿ ಆಯಿತಲ್ಲ, ಇನ್ನು ಯಾಕೆ ಅಂತ ಟೆಲ್ಮಿಸಾರ್ಟನ್ ನಿಲ್ಲಿಸಿದರು. ಸರಿ ಬಂದದ್ದೇ ಮಾತ್ರೆಯಿಂದ ಅಲ್ವಾ? ಏಳು ತಿಂಗಳು ಏನೂ ಇಲ್ಲ. ಒಂದು ದಿನ ಬೆಳಗ್ಗೆ ಐದೂವರೆಗೆ ಎದ್ದು ದನಕ್ಕೆ ಹುಲ್ಲು ಹಾಕಲಿಕ್ಕೆ ಹೋದವರು ಹಟ್ಟಿಯಲ್ಲೇ ಕುಸಿದರು. ಬಾಯಿ ಒಂದು ಬದಿಗೆ ಜಾರಿತ್ತು, ಬಲಗೈ ಎತ್ತಲಿಕ್ಕಾಗಲಿಲ್ಲ. ನಾನು ಸಕ್ಕರೆ ನೀರು ಕುಡಿಸಲಿಕ್ಕೆ ನೋಡಿದೆ. ನೆರೆಯವರು ಎಣ್ಣೆ ತಿಕ್ಕಿದರು. ಒಂದು ಗಂಟೆ ಅದರಲ್ಲೇ ಹೋಯಿತು. ಹತ್ತಿರದ ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಇಲ್ಲ, ಮಂಗಳೂರಿಗೆ ಹೋಗಿ ಎಂದರು. ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿತ್ತು. ಸರ್ವಿಸ್ ರಸ್ತೆಯಲ್ಲಿ ಲಾರಿಗಳ ಸಾಲು. ತಲುಪುವಾಗ 10 ಗಂಟೆ 20 ನಿಮಿಷ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆ ಸಮಯ. ಅದು ಹತ್ತಕ್ಕೇ ಮುಗಿದಿತ್ತು.

ಇಪ್ಪತ್ತು ನಿಮಿಷ.

ಆಂಬುಲೆನ್ಸ್ 3,500. ಐಸಿಯು ಸೇರಿ ಆಸ್ಪತ್ರೆ ಬಿಲ್ಲು 2,18,000. ಫಿಸಿಯೋ ದಿನಕ್ಕೆ 500, ಎಂಟು ತಿಂಗಳು. ನನ್ನ ಬಳೆ ಎರಡೂ ಬ್ಯಾಂಕಿನಲ್ಲಿವೆ. ಈಗ ಕೋಲು ಹಿಡಿದು ನಡೆಯುತ್ತಾರೆ. ಮಾತು ಬರುತ್ತದೆ, ನನ್ನ ಹೆಸರು ಮಾತ್ರ ಕೆಲವೊಮ್ಮೆ ಸಿಗುವುದಿಲ್ಲ.

ಉಪ್ಪಳದಿಂದ:
ಬದಿಯಡ್ಕದವರೇ, ನಿಮ್ಮ ಪುಸ್ತಕ ನಿಮಗೆ ಸರಿ. ಎಲ್ಲರಿಂದ ಆಗುವುದಿಲ್ಲ. ನನ್ನ ಅಮ್ಮನಿಗೆ ಅದೇ ಅಸಿಟ್ರೋಮ್‌ನಲ್ಲಿ ಹೊಟ್ಟೆಯೊಳಗೆ ರಕ್ತ ಹೋಯಿತು. ಟಾರಿನಂತೆ ಕಪ್ಪು ಮಲ. ನಾಲ್ಕು ಬಾಟ್ಲಿ ರಕ್ತ ಕೊಡಿಸಿದೆವು, 62,000 ಖರ್ಚು. ಈಗ ಅಪಿಕ್ಸಬಾನ್, ದಿನಕ್ಕೆ ಎರಡು ಸಲ. ಐಎನ್‌ಆರ್ ಬೇಡ, ಸೊಪ್ಪಿನ ಲೆಕ್ಕ ಬೇಡ. ಆರು ತಿಂಗಳಿಗೊಮ್ಮೆ ಕಿಡ್ನಿಯ ಕ್ರಿಯಾಟಿನಿನ್ ನೋಡಿದರೆ ಸಾಕು ಎಂದಿದ್ದಾರೆ. ಶುರುವಿಗೆ ತಿಂಗಳಿಗೆ 1,900 ಆಗುತ್ತಿತ್ತು. ಬೇರೆ ಕಂಪನಿಯದ್ದು ಬರೆಸಿಕೊಂಡ ಮೇಲೆ 780.

ಬದಿಯಡ್ಕದಿಂದ:
ಹೊಟ್ಟೆಯಲ್ಲಿ ರಕ್ತ ಸುಮ್ನೆ ಹೋಗುವುದಿಲ್ಲ. ಜೊತೆಗೆ ನೋವಿನ ಮಾತ್ರೆ ಕೊಟ್ಟಿದ್ದಿರಾ? ನಮ್ಮಂಥ ಲೋಹದ ವಾಲ್ವಿನವರಿಗೆ ನಿಮ್ಮ ಹೊಸ ಮಾತ್ರೆ ಕೊಡುವ ಹಾಗೇ ಇಲ್ಲ. ನಮ್ಮನ್ನು ಉಳಿಸಿದ್ದನ್ನು ಹಳಿಯಬೇಡಿ.

ಉಪ್ಪಳದಿಂದ:
ವಾಲ್ವ್ ಸರಿ ಇದೆ ಅಂತ ಪೆರ್ಲದವರು ಮೊದಲೇ ಬರೆದಿದ್ದಾರೆ, ಓದಿಲ್ವಾ? ಹೌದು, ಡೈಕ್ಲೋಫೆನಾಕ್ ಕೊಟ್ಟಿದ್ದೆ. ಅಮ್ಮ ಮೊಣಕಾಲು ಹಿಡಿದು ಅಳುವುದು ನೋಡಲಿಕ್ಕಾಗದೆ ನಾನೇ ತಂದು ಕೊಟ್ಟದ್ದು. ಇದನ್ನು ನನ್ನ ಬಾಯಿಂದ ಹೇಳಿಸಬೇಕಿತ್ತಾ?

ಮುಳ್ಳೇರಿಯದಿಂದ:
ಎಲ್ಲರೂ ಮಾತ್ರೆ ಮಾತ್ರೆ ಎನ್ನುತ್ತೀರಿ. ನಾನು ಒಂದೂ ನುಂಗದೆ ಬಿಪಿ 150ರಿಂದ 132ಕ್ಕೆ ಇಳಿಸಿದ್ದೇನೆ. ಗಂಜಿಗೆ ಮಾವಿನಮಿಡಿ ಉಪ್ಪಿನಕಾಯಿ, ಮಳೆಗಾಲಕ್ಕೆ ಉಪ್ಪುಸೊಳೆ, ಹಪ್ಪಳ, ಎಲ್ಲ ಬಿಟ್ಟೆ. ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಟೀ ಚಮಚ, ಅದೂ ಎಲ್ಲ ಅಡುಗೆ ಸೇರಿ. ಎಲೆಅಡಿಕೆಗೆ ಹೊಗೆಸೊಪ್ಪು ಹಾಕುವುದನ್ನು ನಿಲ್ಲಿಸಿದೆ. ಅದೇ ಕಷ್ಟ ಆದದ್ದು, ಎರಡು ತಿಂಗಳು ನಿದ್ದೆ ಇಲ್ಲ. ಮೊದಲು ನಾಲಿಗೆ ಹಿಡಿತದಲ್ಲಿರಲಿ.

ಕುಂಬಳೆಯಿಂದ:
ಅಣ್ಣಾ, ನೀವು ಮಾಡಿದ್ದು ದೊಡ್ಡದೇ. ಆದರೆ ಇವರ ಅಪ್ಪನ ಎದೆಬಡಿತ ಲಯ ತಪ್ಪಿದೆ. ಮೇಲಿನ ಕೋಣೆ ಸರಿಯಾಗಿ ಹಿಂಡದೆ ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟುತ್ತದೆ, ಅಲ್ಲಿಂದ ಮೆದುಳಿಗೆ ಹೋಗುತ್ತದೆ. ಉಪ್ಪು ಬಿಟ್ಟರೆ ಅದು ನಿಲ್ಲುತ್ತದಾ? ನಮ್ಮವರೂ ಹೀಗೇ ಯಾರದೋ ಮಾತು ಕೇಳಿ ಮಾತ್ರೆ ಬಿಟ್ಟದ್ದು. ದಯವಿಟ್ಟು ಹೀಗೆ ಬರೆಯಬೇಡಿ.

ಮುಳ್ಳೇರಿಯದಿಂದ:
ನಾನು ಯಾರಿಗೂ ಮಾತ್ರೆ ಬಿಡಿ ಎಂದಿಲ್ಲ, ಇನ್ನೊಮ್ಮೆ ಓದಿ. ಸಿಟ್ಟು ಇರುವುದಾದರೆ ಉಕ್ಕಿನಡ್ಕದ ಕಡೆ ತಿರುಗಿಸಿ. ಅಲ್ಲಿ ನಮ್ಮ ಕಾಸರಗೋಡಿನ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. ಅದು ಆಗಲೇ ಪೂರ್ತಿ ಎದ್ದು ನಿಂತಿದ್ದರೆ ನೀವು ಲಾರಿ ಹಿಂದೆ ಕಾಯಬೇಕಿತ್ತಾ?

ಮಂಜೇಶ್ವರದಿಂದ:
ಲಾರಿ ಸಾಲಾದರೂ ಕರಗುತ್ತದೆ. 2020ರ ಮಾರ್ಚ್ ಕೊನೆಗೆ, ಕೊರೋನಾ ಲಾಕ್‌ಡೌನಿನಲ್ಲಿ, ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿತ್ತು, ಒಳದಾರಿಗಳಿಗೆ ಮಣ್ಣು ಸುರಿದಿದ್ದರು. ನನ್ನ ಚಿಕ್ಕಪ್ಪ ಎದೆನೋವಿನಲ್ಲಿ ಗಡಿ ತನಕ ಹೋಗಿ ವಾಪಸ್ ಬಂದರು. ಮಂಗಳೂರಿನ ದೀಪ ಕಾಣುವ ಊರು ನಮ್ಮದು. ಅವರು ಉಳಿಯಲಿಲ್ಲ.

ಬದಿಯಡ್ಕದಿಂದ:
ಆಗ ನನ್ನ ಅಸಿಟ್ರೋಮ್ ಮುಗಿಯಲಿಕ್ಕೆ ಒಂಬತ್ತು ದಿನ ಇತ್ತು. ಪುಸ್ತಕದಲ್ಲಿ ಬರೆದಿದ್ದೇನೆ.

ಪೆರ್ಲದಿಂದ:
ಕುಂಬಳೆ ಅಕ್ಕ ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಇವತ್ತು ಬೆಳಗ್ಗೆ, ಸೋಮವಾರ ರಕ್ತಪರೀಕ್ಷೆಗೆ ಹೋಗುವ ಎಂದರು. ಕಿಡ್ನಿ ಸರಿ ಇದ್ದರೆ ಅಪಿಕ್ಸಬಾನ್ ಅಂತ ಡಾಕ್ಟರು ಹೇಳಿದ್ದಾರೆ. ತೋಟದ ಗಡಿಬಿಡಿಯಲ್ಲಿ ಬೆಳಗ್ಗಿನದ್ದು ಮರೆತರೆ ಏನು ಮಾಡಬೇಕು?

ಉಪ್ಪಳದಿಂದ:
ಅದೇ ದಿನ ನೆನಪಾದ ಕೂಡಲೇ ತೆಗೆದುಕೊಳ್ಳಲಿ, ರಾತ್ರಿಯದ್ದು ರಾತ್ರಿಗೇ. ಎರಡು ಒಟ್ಟಿಗೆ ನುಂಗುವುದು ಬೇಡ. ಮುಗಿಯುವ ಮೊದಲೇ ಮುಂದಿನ ಸ್ಟ್ರಿಪ್ ತಂದಿಡಿ. ಇದರ ಹಿಡಿತ ಒಂದೆರಡು ದಿನದಲ್ಲೇ ಇಳಿಯುತ್ತದೆ. ಮೊಣಕಾಲು ನೋವು ಅಂದರೆ ಪ್ಯಾರಾಸಿಟಮಾಲ್ ಮಾತ್ರ, ಅದೂ ಡಾಕ್ಟರನ್ನು ಕೇಳಿ.