ಸಹಾಯ ಬೇಕು: ಬೇರೆ ಬೇರೆ ಮಷೀನಿನ ಕಾರ್ನಿಯಾ ರಿಪೋರ್ಟ್ ಹೋಲಿಸಬಹುದಾ?

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ 17 ವರ್ಷ, ಕೆರಟೋಕೋನಸ್ ಇದೆ. ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ತೆಳುವಾಗಿ ಮುಂದಕ್ಕೆ ಉಬ್ಬುವ ತೊಂದರೆ. ರಾತ್ರಿ ಬೀದಿದೀಪದಿಂದ ಬೆಳಕು ಬಾಲದ ಹಾಗೆ ಕೆಳಗೆ ಇಳಿದಂತೆ ಕಾಣುತ್ತದೆ ಅಂತಾನೆ.

ಆರು ತಿಂಗಳ ಹಿಂದೆ ಪೆಂಟಾಕ್ಯಾಮ್ ಅನ್ನುವ ಕಾರ್ನಿಯಾ ಸ್ಕ್ಯಾನ್ ಮಷೀನಿನಲ್ಲಿ ಬಲಗಣ್ಣಿನ ಕೆ-ಮ್ಯಾಕ್ಸ್ (ಕಾರ್ನಿಯಾ ಅತಿ ಹೆಚ್ಚು ಬಾಗಿದ ಜಾಗದ ಅಳತೆ, ಡಯಾಪ್ಟರ್ ಲೆಕ್ಕದಲ್ಲಿ) 50.1 ಇತ್ತು. ಅತಿ ತೆಳುವಾದ ಜಾಗದಲ್ಲಿ ದಪ್ಪ 462 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). ಹೋದ ವಾರ ಬೇರೆ ಕಡೆ, ಬೇರೆ ಕಂಪನಿಯ ಮಷೀನಿನಲ್ಲಿ 51.4 ಮತ್ತು 449 ಬಂದಿದೆ. ಕೆ-ಮ್ಯಾಕ್ಸ್ ವರ್ಷದಲ್ಲಿ ಒಂದು ಡಯಾಪ್ಟರ್ ಏರಿದರೆ ತೊಂದರೆ ಜಾಸ್ತಿಯಾಗುತ್ತಿದೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅದನ್ನು ನೋಡಿ ಎರಡು ದಿನ ನಿದ್ದೆ ಬಂದಿಲ್ಲ.

ಆದರೆ ಒಂದು ಅನುಮಾನ. ಎಲ್ಲಾ ಮಷೀನುಗಳೂ ಒಂದೇ ರೀತಿ ಅಳೆಯುವುದಿಲ್ಲ. ಕೆಲವು ಕಣ್ಣಿನ ಮೇಲೆ ಬೆಳಕಿನ ಉಂಗುರ ಬೀಳಿಸಿ ಪ್ರತಿಬಿಂಬ ನೋಡುತ್ತವೆ, ಪೆಂಟಾಕ್ಯಾಮ್ ಕ್ಯಾಮೆರಾ ತಿರುಗಿಸಿ ಸೀಳು ಸೀಳಾಗಿ ಫೋಟೋ ತೆಗೆಯುತ್ತದೆ. ಜೊತೆಗೆ ಈ ಸಲ ಅವನು ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ತೆಗೆದದ್ದು ಹಿಂದಿನ ರಾತ್ರಿಯಷ್ಟೇ. ಲೆನ್ಸ್ ಒತ್ತಿದರೆ ಕಾರ್ನಿಯಾದ ಆಕಾರವೇ ಬದಲಾಗುತ್ತದೆ ಅಲ್ವಾ? ಅಲ್ಲಿ ಯಾರೂ ಅದನ್ನು ಕೇಳಲೇ ಇಲ್ಲ.

ಕ್ರಾಸ್‌ಲಿಂಕಿಂಗ್ (ಕಾರ್ನಿಯಾ ಗಟ್ಟಿ ಮಾಡಿ ಉಬ್ಬುವುದನ್ನು ತಡೆಯುವ ಚಿಕಿತ್ಸೆ) ಮಾಡಿಸಲು ಹಿಂಜರಿಕೆ ಇಲ್ಲ. ಕಾರ್ನಿಯಾ 400 ಮೈಕ್ರಾನ್‌ಗಿಂತ ತೆಳುವಾಗುವ ಮೊದಲೇ ಆಗಬೇಕು ಅಂತ ಆಸೆ. ಸುಮ್ನೆ ತಪ್ಪು ಅಳತೆ ನಂಬಿ ಅವಸರ ಮಾಡಬಾರದು, ಕಾದು ಸಮಯ ಕಳೆಯಲೂಬಾರದು.

ನಿಮ್ಮ ಮಕ್ಕಳಿಗೆ ಮಾಡಿಸಿದವರು, ಆಪ್ಟೋಮೆಟ್ರಿಯಲ್ಲಿ ಇರುವವರು ದಯವಿಟ್ಟು ಹೇಳಿ. ಸ್ಕ್ಯಾನ್‌ಗೆ ಮೊದಲು ಎಷ್ಟು ದಿನ ಲೆನ್ಸ್ ಬಿಡಿಸಿದ್ರಿ? ಅದೇ ದಿನ ಎರಡು ಮೂರು ಸಲ ಸ್ಕ್ಯಾನ್ ಮಾಡಿ ಅಂತ ಕೇಳಿದರೆ ಮಾಡಿಕೊಡ್ತಾರಾ? ದಾವಣಗೆರೆ, ಹುಬ್ಬಳ್ಳಿ ಕಡೆ ಪೆಂಟಾಕ್ಯಾಮ್ ಎಲ್ಲಿದೆ? ಇನ್ನೊಂದು, ನಿದ್ದೆಯಲ್ಲೂ ಕಣ್ಣು ಉಜ್ಜುತ್ತಾನೆ. ಅದನ್ನು ಹೇಗೆ ಬಿಡಿಸಿದಿರಿ ಅಂತಲೂ ತಿಳಿಸಿ.