ಓದುಗರ ಸ್ಪಂದನ: ಬೀದಿಯ ಹುಡುಗರಿಗೆ ಎಷ್ಟು ರೇಟು ಹೇಳಲಿ?

ಬಸವೇಶ್ವರನಗರದ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಚಿಂತೆ ಹೇಳಿಕೊಂಡಿದ್ದರು. ಅವರೂ ಅವರ ಗಂಡನೂ ಮನೆಯ ಗ್ಯಾರೇಜಿನಲ್ಲಿ ಟೀ ಶರ್ಟಿಗೆ ಸ್ಕ್ರೀನ್ ಪ್ರಿಂಟ್ ಹಾಕಿಕೊಡುತ್ತಾರೆ. ಬೀದಿಯ ಯುವಕರ ಸಂಘ ರಾಜ್ಯೋತ್ಸವಕ್ಕೆ 60 ಕೆಂಪು ಶರ್ಟ್ ಕೇಳಿದೆ. ಹಿಂದೆ ಮುಂದೆ ಎರಡೂ ಕಡೆ ಹಳದಿ ಅಕ್ಷರ ಬೇಕಂತೆ. ಇವರು 250 ರೂಪಾಯಿ ಹೇಳಿದರು. "ಆನ್‌ಲೈನ್‌ನಲ್ಲಿ 199ಕ್ಕೇ ಸಿಗುತ್ತೆ ಅಕ್ಕಾ, 210 ಮಾಡ್ಕೊಡಿ" ಎಂದರು ಹುಡುಗರು. ಪ್ಲೇನ್ ಶರ್ಟಿಗೆ 165 ಬೀಳುತ್ತದೆ. "ಇಳಿಸಿದರೂ 45 ಉಳಿಯುತ್ತೆ ಅಲ್ವಾ? ಆದರೂ ಯಾಕೋ ಮನಸ್ಸು ಒಪ್ಪುತ್ತಿಲ್ಲ" ಎಂದು ಅವರು ಬರೆದಿದ್ದರು.

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಮೊದಲನೆಯದು ಉದ್ದವಿದೆ. ಕತ್ತರಿಸಲು ನಮಗೆ ಮನಸ್ಸು ಬರಲಿಲ್ಲ.

* * *

ತಂಗಿ, ನಿಮ್ಮ ಪತ್ರ ಓದಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ 45 ರೂಪಾಯಿಯ ಲೆಕ್ಕವನ್ನು ನಾನೂ ಒಂಬತ್ತು ವರ್ಷ ಹಾಕಿದವನು.

ಕಾಟನ್‌ಪೇಟೆಯ ಒಂದು ಗಲ್ಲಿಯಲ್ಲಿ ನನ್ನ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ ಇತ್ತು. 2009ರಲ್ಲಿ ಶುರು ಮಾಡಿದೆ. ಮದುವೆ ಕಾರ್ಡು, ಬಟ್ಟೆ ಚೀಲ, ಆಮೇಲೆ ಟೀ ಶರ್ಟ್. ನನ್ನ ರೇಟನ್ನು ನಾನು ಒಂದು ದಿನವೂ ಕೂತು ಲೆಕ್ಕ ಹಾಕಿ ನಿಗದಿ ಮಾಡಿದವನಲ್ಲ. ಪಕ್ಕದವರು 150 ಅಂದರೆ ನಾನು 145. ಅವರು 145ಕ್ಕೆ ಬಂದರೆ ನಾನು 140. ಕೆಲಸ ತುಂಬಿ ತುಳುಕುತ್ತಿತ್ತು. ಚೆನ್ನಾಗಿ ನಡೆಯುತ್ತಿದೆ ಅಂದುಕೊಂಡಿದ್ದೆ.

2017ರಲ್ಲಿ ಒಂದು ಕಾಲೇಜಿನ ಫೆಸ್ಟಿಗೆ 400 ಕಪ್ಪು ಶರ್ಟಿನ ಆರ್ಡರ್ ಬಂತು. ಡಿಸೈನು ಮೂರು ಬಣ್ಣದ್ದು. ಬಣ್ಣಕ್ಕೊಂದು ಸ್ಕ್ರೀನ್, ಅಂದರೆ ಡಿಸೈನು ಇಳಿಸುವ ಬಲೆಯ ಚೌಕಟ್ಟು ಬೇಕು. ಮೂರು ಸಾಕು ಅಂದುಕೊಂಡು 140 ಹೇಳಿದೆ. ಕಪ್ಪು ಬಟ್ಟೆ ಮೇಲೆ ಬಣ್ಣ ಏಳಬೇಕಾದರೆ ಮೊದಲು ಬಿಳಿ ಇಂಕಿನ ಪದರ ಹಾಕಬೇಕು. ಅಲ್ಲಿಗೆ ಸ್ಕ್ರೀನ್ ನಾಲ್ಕಾಯಿತು. ಆ ಬಿಳಿ ಒಣಗದೆ ಮೇಲಿನ ಬಣ್ಣ ಹಾಕುವಂತಿಲ್ಲ. ಒಂದೊಂದು ಶರ್ಟಿಗೂ ಸಮಯ ಹೆಚ್ಚೂಕಡಿಮೆ ಎರಡರಷ್ಟು ಹಿಡಿಯಿತು. ಎರಡು ರಾತ್ರಿ ನಿದ್ದೆಗೆಟ್ಟು ಮಾಡಿದೆವು. ನಾನು, ಇಬ್ಬರು ಹುಡುಗರು, ನನ್ನ ಹೆಂಡತಿ. ಅವಳು ನಿಂತುಕೊಂಡೇ 400 ಶರ್ಟ್ ಮಡಚಿ ಕವರಿಗೆ ಹಾಕಿದಳು.

ಎರಡನೆಯ ರಾತ್ರಿ ಸ್ಕ್ರೀನ್ ಒಂದು ಕೂದಲೆಳೆಯಷ್ಟು ಜರುಗಿತ್ತು. ಯಾರೂ ಗಮನಿಸಲಿಲ್ಲ. 22 ಶರ್ಟ್ ಹಾಳಾದವು. ಎಕ್ಸ್‌ಟ್ರಾ ಒಂದೂ ತರಿಸಿರಲಿಲ್ಲ. ಬೆಳಿಗ್ಗೆ ಚಿಕ್ಕಪೇಟೆಗೆ ಓಡಿ ತಲಾ 160 ಕೊಟ್ಟು ತಂದೆ. ಆ ಕಪ್ಪೇ ಬೇರೆ, ಈ ಕಪ್ಪೇ ಬೇರೆ. ಕಾಲೇಜಿನವರು ಅದನ್ನು ಹಿಡಿದುಕೊಂಡು ಬಿಲ್ಲಿನಲ್ಲಿ 5,000 ಮುರಿದರು.

ಆ ಚೀಟಿ ಇವತ್ತಿಗೂ ನನ್ನ ಹತ್ತಿರ ಇದೆ. ಬರಬೇಕಾದದ್ದು 56,000. ಶರ್ಟಿಗೆ 42,000, ಸ್ಕ್ರೀನಿಗೆ 1,800, ಇಂಕಿಗೆ 4,000, ಹುಡುಗರ ಕೂಲಿ 2,000. ಹಾಳಾದ ಶರ್ಟಿಗೆ 3,520. ಮುರಿದುಕೊಂಡದ್ದು 5,000. ಕೂಡಿ ಕಳೆದರೆ ನನ್ನ ಕೈಯಿಂದಲೇ 2,320 ಹೋಗಿತ್ತು. ಚೀಟಿಯನ್ನು ಹೆಂಡತಿಗೆ ತೋರಿಸಿದೆ. ಪೂರ್ತಿ ಓದಿ ಅವಳು ಒಂದೇ ಮಾತು ಕೇಳಿದಳು. "ಇದರಲ್ಲಿ ನನ್ನ ಎರಡು ರಾತ್ರಿ ಎಲ್ಲಿದೆ?"

ನನಗೆ ಬಾಯಿ ಬರಲಿಲ್ಲ. ಒಂಬತ್ತು ವರ್ಷದಲ್ಲಿ ಅವಳ ಕೂಲಿಯನ್ನು ನಾನು ಒಂದು ಸಲವೂ ಬರೆದಿರಲಿಲ್ಲ. ನನ್ನದನ್ನೂ ಬರೆದಿರಲಿಲ್ಲ. ಮುಂದಿನ ವರ್ಷ ಬಾಡಿಗೆ ಕಟ್ಟಲು ಅವಳ ಬಳೆ ಅಡ ಇಟ್ಟೆ. ಬಿಡಿಸಿಕೊಳ್ಳಲು ಆಗಲಿಲ್ಲ. ಅಂಗಡಿ ಮುಚ್ಚಿದೆ. ಈಗ ಇನ್ನೊಬ್ಬರ ಪ್ರೆಸ್ಸಿನಲ್ಲಿ ಸಂಬಳಕ್ಕಿದ್ದೇನೆ. ತಿಂಗಳ ಕೊನೆಗೆ ಕೈಗೆ ಸಂಬಳ ಬಂದಾಗಲೆಲ್ಲ, ನನ್ನದೇ ಅಂಗಡಿಯಲ್ಲಿ ಇದನ್ನು ಯಾಕೆ ತೆಗೆದುಕೊಳ್ಳಲಿಲ್ಲ ಅನ್ನಿಸುತ್ತದೆ.

ನಿಮ್ಮ ಯಜಮಾನರಿಗೆ ಈ ಪತ್ರ ತೋರಿಸಿ, ತಂಗಿ.
— ಹೆಸರು ಬೇಡ, ಮಾಗಡಿ ರಸ್ತೆ

* * *

*ಇದಕ್ಕೆ ತೀರಾ ಬೇರೆಯಾದ ಅಭಿಪ್ರಾಯವೂ ಬಂದಿದೆ. ಅದನ್ನೂ ಓದುಗರ ಮುಂದಿಡುವುದು ನಮ್ಮ ಕರ್ತವ್ಯ.*

ಕನ್ನಡದ ಹೆಸರಿರುವ ಅಂಗಿಗೆ ಲಾಭದ ಲೆಕ್ಕ ಹಾಕುವುದು ಸರಿಯಲ್ಲ. ರಾಜ್ಯೋತ್ಸವ ಬರುವುದು ವರ್ಷಕ್ಕೊಂದು ಸಲ. ನಮ್ಮ ಹುಡುಗರು ಪ್ರೀತಿಯಿಂದ ಕೇಳಿದ್ದಾರೆ. ಬಿಟ್ಟುಕೊಡಿ.
— ಅಭಿಮಾನಿ, ಚಾಮರಾಜಪೇಟೆ

*ಅದೇ ದಿನದ ಅಂಚೆಯಲ್ಲಿ ಈ ಪತ್ರವೂ ಇತ್ತು.*

ನಾನು ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹದಿನಾಲ್ಕು ವರ್ಷ ಟೈಲರ್ ಆಗಿದ್ದೆ. ಕೂಲಿ ಕೇಳಿದಾಗೆಲ್ಲ ನಮಗೆ ಸಿಗುತ್ತಿದ್ದ ಉತ್ತರ, "ಬೈಯರ್ ರೇಟು ಕಮ್ಮಿ ಕೊಟ್ಟಿದ್ದಾನೆ" ಅಂತ. ಎಲ್ಲಿ ರೇಟು ಇಳಿದರೂ ಅದು ಕೊನೆಗೆ ಹೊಲಿಯುವವಳ ಕೈಗೇ ಬಂದು ತಟ್ಟುತ್ತದೆ. ನಿಮ್ಮ ಗ್ಯಾರೇಜಿನಲ್ಲಿ ಆ ಕೈ ನಿಮ್ಮದೇ. ಸುಮ್ನೆ ಇಳಿಸಬೇಡಿ.
— ಒಬ್ಬ ತಾಯಿ, ಲಗ್ಗೆರೆ

* * *

*ಕಾಮಾಕ್ಷಿಪಾಳ್ಯದಲ್ಲಿ ಇದೇ ಕಸುಬು ಮಾಡುವ ಓದುಗರೊಬ್ಬರು ಲೆಕ್ಕವನ್ನೇ ಹಾಕಿ ಕಳಿಸಿದ್ದಾರೆ. ಇದನ್ನು ನಿಧಾನವಾಗಿ ಓದಬೇಕೆಂದು ನಮ್ಮ ಕೋರಿಕೆ.*

ಅಕ್ಕಾ, ಕೆಂಪು ಬಟ್ಟೆ ಮೇಲೆ ಹಳದಿ ನೇರವಾಗಿ ಹಾಕಿದರೆ ಮಂಕಾಗುತ್ತೆ. ಕೆಳಗೆ ಬಿಳಿ ಬೇಕೇ ಬೇಕು. ಇದು ನಿಮಗೆ ಗೊತ್ತಿರುತ್ತದೆ, ಹುಡುಗರಿಗೆ ಗೊತ್ತಿರುವುದಿಲ್ಲ. ಅವರ ಕಣ್ಣಿಗೆ ಅದು ಒಂದೇ ಬಣ್ಣ. ನಿಮಗೆ ಮುಂದೆ ಎರಡು, ಹಿಂದೆ ಎರಡು, ಒಟ್ಟು ನಾಲ್ಕು ಸ್ಕ್ರೀನ್.

ಹಾಳಾಗಬಹುದೆಂದು ಮೂರು ಶರ್ಟ್ ಜಾಸ್ತಿ ಹಿಡಿಯಿರಿ. 63 ಶರ್ಟಿಗೆ 10,395. ನಮ್ಮ ಕಡೆ ಒಂದು ಸ್ಕ್ರೀನಿಗೆ ಡಿಸೈನಿನ ಫಿಲ್ಮ್, ಬಲೆಗೆ ಬಳಿಯುವ ಎಮಲ್ಷನ್ ಎಲ್ಲ ಸೇರಿ 400 ಬೀಳುತ್ತದೆ. ನಾಲ್ಕಕ್ಕೆ 1,600. ಇಂಕು 900. ಕವರು, ಆಟೋ 600. ಇನ್ನು ನಿಮ್ಮ ಎರಡು ದಿನ, ಭಾವನವರ ಒಂದು ದಿನ. ದಿನಕ್ಕೆ 800 ಅಂದರೂ 2,400. ಎಲ್ಲ ಸೇರಿ 15,895. ಒಂದು ಶರ್ಟಿಗೆ 265 ಆಯಿತು. ಕರೆಂಟು, ಮಷಿನ್ ಸವೆತ ಇದರಲ್ಲಿ ಇಲ್ಲ. ಲಾಭವಂತೂ ಇಲ್ಲವೇ ಇಲ್ಲ. ನೀವು ಮೊದಲು ಹೇಳಿದ 250 ಕೂಡ ನಷ್ಟದ ರೇಟೇ ಅಕ್ಕಾ. ಮನಸ್ಸು ಒಪ್ಪದಿದ್ದದ್ದು ಅದಕ್ಕೇ.

ಹಾಗಂತ ಹುಡುಗರನ್ನು ಬರಿಗೈಲಿ ಕಳಿಸಬೇಡಿ. ರೇಟು ಹಾಗೇ ಇರಲಿ, ಕೆಲಸ ಕಡಿಮೆ ಮಾಡಿ. ಹಳದಿ ಶರ್ಟ್, ಅದರ ಮೇಲೆ ಕೆಂಪು ಅಕ್ಷರ, ಮುಂದೆ ಮಾತ್ರ. ತಿಳಿ ಬಟ್ಟೆ ಆದ್ದರಿಂದ ಬಿಳಿ ಪದರ ಬೇಡ. ಒಂದೇ ಸ್ಕ್ರೀನು 400, ಇಂಕು 500, ಇಬ್ಬರದೂ ಒಂದೊಂದೇ ದಿನ 1,600. ಶರ್ಟು, ಕವರು, ಆಟೋ ಮೊದಲಿನಷ್ಟೇ. ಒಟ್ಟು 13,495. ಶರ್ಟಿಗೆ 225. ಅದನ್ನು 250ಕ್ಕೆ ಧೈರ್ಯವಾಗಿ ಕೊಡಬಹುದು. ಬಣ್ಣ ಎರಡೂ ಬಾವುಟದ್ದೇ ಅಲ್ವಾ?

ನಾಳೆ ಇನ್ಯಾರೋ ಬಂದು ಇದೇ ಡಿಸೈನು ಹತ್ತೇ ಹತ್ತು ಕೇಳುತ್ತಾರೆ. ನಾಲ್ಕು ಸ್ಕ್ರೀನಿನ 1,600 ಹತ್ತು ಶರ್ಟಿಗೆ ಹಂಚಿದರೆ ಒಂದಕ್ಕೆ 160. ಅರವತ್ತಕ್ಕಾದರೆ 27 ಸಾಕು. ಹಾಗಾಗಿ ಎಲ್ಲರಿಗೂ ಒಂದೇ ರೇಟು ಹೇಳಬೇಡಿ. ಹತ್ತು ಪೀಸಿನ ಆರ್ಡರಿಗೆ ಡಿಟಿಎಫ್ ಹಾಕಿಸಿಕೊಡಿ. ಡಿಸೈನನ್ನು ಫಿಲ್ಮಿನ ಮೇಲೆ ಪ್ರಿಂಟ್ ತೆಗೆದು ಬಿಸಿ ಮಾಡಿ ಬಟ್ಟೆಗೆ ಒತ್ತುತ್ತಾರೆ, ಅದಕ್ಕೆ ಸ್ಕ್ರೀನೇ ಬೇಡ. ಅರ್ಧ ದುಡ್ಡು ಕೈಗೆ ಬರುವವರೆಗೆ ಶರ್ಟ್ ತರಿಸಬೇಡಿ. ಡಬಲ್ ಎಕ್ಸ್‌ಎಲ್ ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ, ಅದಕ್ಕೆ ರೇಟು ಬೇರೆ.
— ನಿಮ್ಮಂಥವಳೇ ಒಬ್ಬಳು

* * *

*ಲೆಕ್ಕಪತ್ರ ಬರೆಯುವ ರಾಜಾಜಿನಗರದ ಓದುಗರು ಇದಕ್ಕೆ ಪೂರಕವಾದ ಮಾತು ಹೇಳುತ್ತಾರೆ.*

165 ಎಂದಿದ್ದೀರಿ, ತೆರಿಗೆ ಸೇರಿಯೋ ಸೇರದೆಯೋ? ಬಿಲ್ ನೋಡಿ. ಸೇರದಿದ್ದರೆ ಜಿಎಸ್‌ಟಿ 5% ಸೇರಿ 173 ರೂಪಾಯಿ 25 ಪೈಸೆ. ನೋಂದಣಿ ಇಲ್ಲದ ನಿಮಗೆ ಅದು ವಾಪಸ್ ಸಿಗುವುದಿಲ್ಲ, ಗ್ರಾಹಕರಿಂದ ಜಿಎಸ್‌ಟಿ ಎಂದು ವಸೂಲಿ ಮಾಡುವಂತೆಯೂ ಇಲ್ಲ. ಆದ್ದರಿಂದ ಅದನ್ನು ಅಸಲಿಗೇ ಸೇರಿಸಿ. ಬರೀ ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷದ ವಹಿವಾಟು. ಸೇವೆಗೆ 20 ಲಕ್ಷ. ಗ್ರಾಹಕರೇ ಬಟ್ಟೆ ತಂದು ನೀವು ಪ್ರಿಂಟ್ ಮಾತ್ರ ಹಾಕಿಕೊಟ್ಟರೆ ಅದು ಸೇವೆ. 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ಸಣ್ಣ ಅಂಗಡಿಗಳಿಗೆ ನೋಟಿಸ್ ಬಂದದ್ದು ನೆನಪಿರಬೇಕು. ದಿನದ ಲೆಕ್ಕ ಅವತ್ತೇ ಬರೆದಿಡಿ.

ಇನ್ನೊಂದು ತಪ್ಪು ಬಹಳ ಜನ ಮಾಡುತ್ತಾರೆ. ಮಾರಿದ ಬೆಲೆಯಲ್ಲಿ 20% ಉಳಿಯಬೇಕೆಂದು ಅಸಲಿಗೆ 20% ಸೇರಿಸುತ್ತಾರೆ. 265ಕ್ಕೆ 20% ಸೇರಿಸಿದರೆ 318. ಆದರೆ 318ರಲ್ಲಿ 53 ಎಂದರೆ 17% ಕೂಡ ಇಲ್ಲ. 265ನ್ನು 0.8ರಿಂದ ಭಾಗಿಸಬೇಕು. 331 ಬರುತ್ತದೆ.

* * *

*ಮಲ್ಲೇಶ್ವರದ ನಿವೃತ್ತ ಶಿಕ್ಷಕರ ಪತ್ರ ಬೆಲೆಯ ವಿಷಯದ್ದಲ್ಲ. ಆದರೂ ಈ ತಿಂಗಳಿಗೆ ಬೇಕಾದದ್ದು.*

ಅಮ್ಮಾ, ರೇಟು ನಿಮಗೆ ಬಿಟ್ಟದ್ದು. ಅಕ್ಷರ ಮಾತ್ರ ಸರಿ ಇರಲಿ. ಪ್ರತಿ ನವೆಂಬರಿನಲ್ಲಿ ಒತ್ತಕ್ಷರ ಕಿತ್ತುಹೋದ ಅಂಗಿಗಳನ್ನು ನೋಡಿ ನನಗೆ ಸಂಕಟವಾಗುತ್ತದೆ. "ಕನ್ನಡ" ಎಂಬ ಪದದಲ್ಲೇ ಒಂದು ಒತ್ತು ಇದೆ. 'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನ ಅಕ್ಷರವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರವೆಲ್ಲ ಕಲಸಿಹೋಗುತ್ತದೆ. ಈಗ ಮೊಬೈಲಿನಲ್ಲೆಲ್ಲ ಬಳಸುವ ಯುನಿಕೋಡ್ ಅಕ್ಷರವನ್ನು ಹಳೆಯ ಡಿಸೈನ್ ಸಾಫ್ಟ್‌ವೇರ್‌ಗೆ ಹಾಕಿದರೆ ಒತ್ತು ಬೇರೆಯಾಗಿ ಬಿದ್ದಿರುತ್ತದೆ. ಪಠ್ಯವನ್ನು ಚಿತ್ರವಾಗಿ ಬದಲಿಸಿ, ಕಾಗದದ ಮೇಲೆ ಪ್ರಿಂಟ್ ತೆಗೆದು, ಸಂಘದವರಿಂದ ಓದಿಸಿ ಸಹಿ ಹಾಕಿಸಿಕೊಳ್ಳಿ. ಬೇಕಾದರೆ ನನಗೆ ಕಳಿಸಿ. ದುಡ್ಡು ಬೇಡ, ಓದಿ ತಿದ್ದಿ ಕೊಡುತ್ತೇನೆ.

*ಕೊನೆಗೆ, ಕೊಳ್ಳುವ ಕಡೆಯಿಂದ ಬಂದ ಒಂದು ಮಾತು.*

ನಮ್ಮ ಆಫೀಸಿನ ಕನ್ನಡ ಬಳಗಕ್ಕೆ ಪ್ರತಿ ವರ್ಷ ಅಂಗಿ ಮಾಡಿಸುವವನು ನಾನು. ಒಮ್ಮೆ ಕಡಿಮೆ ರೇಟಿಗೆ ಆಸೆಪಟ್ಟೆ. ಅಂಗಿ ಬಂದದ್ದು ನವೆಂಬರ್ 3ಕ್ಕೆ. ಈಗ 40 ರೂಪಾಯಿ ಜಾಸ್ತಿ ಕೊಟ್ಟು, ಅಕ್ಟೋಬರ್ 30ಕ್ಕೆ ಕೊಡುವವರ ಹತ್ತಿರವೇ ಹೋಗುತ್ತೇನೆ.
— ಬೆಳ್ಳಂದೂರು

* * *

*ಪುಟ ಅಚ್ಚಿಗೆ ಹೋಗುವ ಮುನ್ನ ಬಸವೇಶ್ವರನಗರದ ಓದುಗರಿಗೆ ಈ ಪತ್ರಗಳನ್ನೆಲ್ಲ ಕಳಿಸಿದ್ದೆವು. ಅವರ ಉತ್ತರ ಇದು.*

ಎಲ್ಲರಿಗೂ ನಮಸ್ಕಾರ. ಮಾಗಡಿ ರಸ್ತೆಯ ಅಣ್ಣನವರ ಪತ್ರವನ್ನು ನಮ್ಮವರು ಎರಡು ಸಲ ಓದಿದರು. ಆಮೇಲೆ ನೋಟ್‌ಬುಕ್ಕಿನಲ್ಲಿ ನನ್ನ ಹೆಸರಿಗೆ ಒಂದು ಸಾಲು ಹಾಕಿ 1,600 ಅಂತ ಬರೆದರು. ಹುಡುಗರಿಗೆ ಎರಡು ರೇಟು ಹೇಳಿದ್ದೇನೆ. ಕೆಂಪು ಶರ್ಟ್ ಎರಡೂ ಕಡೆ 310, ಹಳದಿ ಶರ್ಟ್ ಮುಂದೆ ಮಾತ್ರ 250. ಭಾನುವಾರ ಸಂಘದಲ್ಲಿ ಮಾತಾಡಿ ಹೇಳುತ್ತೇವೆ ಅಂದಿದ್ದಾರೆ.