ಆಮೆಯನ್ನು ಚಳಿಗಾಲದಲ್ಲಿ ಮಲಗಿಸುವುದಾ, ಎಚ್ಚರವಾಗಿಡುವುದಾ? ಅನುಭವ ಇದ್ದವರು ಹೇಳಿ

ಇಂಗ್ಲೆಂಡಿನ ಸ್ಲೌನಿಂದ (ಕೇಳಿದವರು): ನಮ್ಮ ಮನೆಯಲ್ಲಿ ಒಂದು ಹರ್ಮನ್ ಆಮೆ (ಯುರೋಪಿನ ನೆಲದ ಆಮೆ ಜಾತಿ) ಇದೆ. ಆರು ವರ್ಷದ್ದು, 640 ಗ್ರಾಂ. ಹೋದ ಚಳಿಗಾಲವೆಲ್ಲ ದೀಪ ಹಾಕಿ ಎಚ್ಚರವಾಗಿಟ್ಟಿದ್ದೆವು. ಈ ಸಲ ಫ್ರಿಜ್‌ನಲ್ಲಿ ಮಲಗಿಸಿ, ಅಂದರೆ ಚಳಿಗಾಲದ ದೀರ್ಘ ನಿದ್ದೆಗೆ (ಹೈಬರ್ನೇಷನ್) ತಂಪಿನಲ್ಲಿ ಬಿಡಿ ಅಂತ ಪ್ರಾಣಿ ಡಾಕ್ಟರ್ ಹೇಳಿದ್ದಾರೆ. ಊರಿಂದ ಬಂದಿರುವ ಅತ್ತೆ, "ಜೀವ ಇರೋದನ್ನ ಫ್ರಿಜ್‌ನಲ್ಲಿ ಇಡ್ತಾರೇನಮ್ಮ" ಅಂತ ಮುನಿಸಿಕೊಂಡಿದ್ದಾರೆ. ನೀವೆಲ್ಲ ಏನು ಮಾಡ್ತೀರಿ?

ಲೀಡ್ಸ್‌ನಿಂದ: ಕಣ್ಣು ಮುಚ್ಚಿ ಮಲಗಿಸಿ. ನಾನು ಪ್ರತಿ ವರ್ಷ ಮಲಗಿಸುತ್ತೇನೆ. ಅದಕ್ಕೆಂದೇ ಬೇರೆ ಫ್ರಿಜ್, 119 ಪೌಂಡ್. ಒಳಗೆ ತಂತಿ ಬಿಡುವ ಥರ್ಮಾಮೀಟರ್ 14, ತಕ್ಕಡಿ 11. ಆಮೆ ಇಡುವ ಮೊದಲು ಸುಮ್ನೆ ಓಡಿಸಿ ನೋಡಿದರೆ ಹಿಂದಿನ ಗೋಡೆ ಹತ್ತಿರ 1 ಡಿಗ್ರಿ, ಬಾಗಿಲ ಹತ್ತಿರ 8! ನೀರಿನ ಬಾಟಲಿ ಒತ್ತೊತ್ತಾಗಿ ಜೋಡಿಸಿದ ಮೇಲೆ 5ಕ್ಕೆ ಬಂದು ನಿಂತಿತು. ಮಲಗಿಸುವ ಮುಂಚೆ ಹೊಟ್ಟೆ ಖಾಲಿಯಾಗಲು ಮೂರು ವಾರ ಊಟ ಇಲ್ಲ, ದಿನಾ ಉಗುರುಬೆಚ್ಚಗಿನ ನೀರಲ್ಲಿ ಸ್ನಾನ. ನವೆಂಬರ್ ಕೊನೆಗೆ 812 ಗ್ರಾಂ ಇದ್ದದ್ದು ಫೆಬ್ರವರಿ ಕೊನೆಗೆ 789. ಹತ್ತರಲ್ಲಿ ಒಂದು ಪಾಲು ತೂಕ ಇಳಿದರೆ ಭಯಪಡಬೇಕು, ನಮ್ಮದು ಅದರ ಹತ್ತಿರವೂ ಹೋಗಿಲ್ಲ.

ಮಿಲ್ಟನ್ ಕೀನ್ಸ್‌ನಿಂದ: ಕಣ್ಣು ಮುಚ್ಚಿ ಯಾರೂ ಮಲಗಿಸಬೇಡಿ! ನಮ್ಮ ಹಾರ್ಸ್‌ಫೀಲ್ಡ್ ಆಮೆಗೆ (ಇದೂ ಚಳಿಗಾಲದಲ್ಲಿ ಮಲಗುವ ಜಾತಿ) ಅಕ್ಟೋಬರ್‌ನಲ್ಲಿ ಮೂಗು ಸೋರಲು ಶುರುವಾಯಿತು. ಉಸಿರು ಬಿಟ್ಟರೆ ಮೂಗಿನ ತುದಿಯಲ್ಲಿ ಗುಳ್ಳೆ. ಡಾಕ್ಟರ್ ಫೀಸು 58 ಪೌಂಡ್, ಎಕ್ಸ್‌ರೇ 165, ಇಂಜೆಕ್ಷನ್ ಬೇರೆ. ಕಾಯಿಲೆ ಆಮೆಯನ್ನು ತಂಪಿಗೆ ಇಟ್ಟರೆ ರೋಗ ತಡೆಯುವ ಶಕ್ತಿಯೇ ಕುಗ್ಗುತ್ತದೆ. ಅದಕ್ಕೇ ಎಚ್ಚರವಾಗಿಟ್ಟೆವು. 100 ವಾಟ್ ದೀಪ ದಿನಕ್ಕೆ 12 ಗಂಟೆ ಅಂದರೆ 1.2 ಯೂನಿಟ್, ತಿಂಗಳಿಗೆ ಹತ್ತು ಪೌಂಡ್ ಹತ್ತಿರ. ಬಿಸಿಲಿನ ಬದಲಿಗೆ ಹಾಕುವ ಯುವಿಬಿ ಟ್ಯೂಬ್ 40. ಮಲಗಿಸದವರಿಗೆ ಆಮೆ ಮೇಲೆ ಪ್ರೀತಿ ಇಲ್ಲ ಅಂದುಕೊಳ್ಳಬೇಡಿ.

ಲೀಡ್ಸ್‌ನಿಂದ: ಹಾಗಂತ ಯಾರು ಅಂದ್ರು ಮೇಡಂ? ಅವರು ಕೇಳಿದ್ದು ಆರೋಗ್ಯವಾಗಿರುವ ಆಮೆ ಬಗ್ಗೆ. ವರ್ಷವಿಡೀ ತಿನ್ನಿಸಿದರೆ ಬೇಗ ಬೆಳೆದು ಚಿಪ್ಪು ಗುಬುಟು ಗುಬುಟು ಆಗುತ್ತದೆ.

ಮಿಲ್ಟನ್ ಕೀನ್ಸ್‌ನಿಂದ: ಅದು ಜಾಸ್ತಿ ಆಗೋದು ಒಣ ಹವೆಯಿಂದ. ನಮ್ಮದರ ಚಿಪ್ಪು ನುಣ್ಣಗಿದೆ, ಬಂದು ನೋಡಿ.

ರೆಡಿಂಗ್‌ನಿಂದ: ನಮ್ಮದನ್ನು ಗ್ಯಾರೇಜಿನಲ್ಲಿ ಮಲಗಿಸುತ್ತಿದ್ದೆವು. ಪೆಟ್ಟಿಗೆಯೊಳಗೆ ಪೆಟ್ಟಿಗೆ, ನಡುವೆ ಹರಿದ ಪೇಪರ್, ಪಕ್ಕದಲ್ಲಿ ಸಣ್ಣ ಹೀಟರ್. 2022ರ ಡಿಸೆಂಬರ್ ಚಳಿ ನೆನಪಿದೆ ಅಲ್ವಾ? ಆಗಲೇ ಹೀಟರನ್ನು ಹತೋಟಿಯಲ್ಲಿಡುವ ಹೊಸ ಥರ್ಮೋಸ್ಟಾಟ್ ಕೈಕೊಟ್ಟು ಪೆಟ್ಟಿಗೆಯೊಳಗೆ ವಿಪರೀತ ತಣ್ಣಗಾಯಿತು. ಎದ್ದಾಗ ಎಡಗಣ್ಣು ಬೆಳ್ಳಗಾಗಿತ್ತು. ಸೊಪ್ಪು ಮುಂದೆ ಹಿಡಿದರೆ ಅದರ ಪಕ್ಕದ ಗಾಳಿಯನ್ನು ಕಚ್ಚುತ್ತದೆ, ಮತ್ತೆ ಕಚ್ಚುತ್ತದೆ. ಈಗಲೂ ನಾನೇ ಬಾಯಿಗೆ ತಾಗಿಸಿ ತಿನ್ನಿಸಬೇಕು. ಅಂಗಡಿಯವನು ಥರ್ಮೋಸ್ಟಾಟ್‌ನ 23 ಪೌಂಡ್ ವಾಪಸ್ ಕೊಟ್ಟು ಕೈತೊಳೆದುಕೊಂಡ.

ಬೆಂಗಳೂರಿನಿಂದ: ಇಷ್ಟೆಲ್ಲ ಯಾಕೆ? ನಮ್ಮ ಚಿಕ್ಕಪ್ಪನ ಮನೆಯ ನಕ್ಷತ್ರ ಆಮೆ ಚಳಿಗಾಲದಲ್ಲೂ ಆರಾಮಾಗಿ ಓಡಾಡಿಕೊಂಡಿರುತ್ತೆ.

ಮಿಲ್ಟನ್ ಕೀನ್ಸ್‌ನಿಂದ: ನಕ್ಷತ್ರ ಆಮೆ ಹೀಗೆ ತಿಂಗಳುಗಟ್ಟಲೆ ಮಲಗುವ ಜಾತಿಯೇ ಅಲ್ಲ. ಅದನ್ನು ಮನೆಯಲ್ಲಿಡುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಅರಣ್ಯ ಇಲಾಖೆಗೆ ಒಪ್ಪಿಸಲು ಹೇಳಿ.

ಬೆಂಗಳೂರಿನಿಂದ: ಮನೆಗೆ ಒಳ್ಳೆಯದಾಗಲಿ ಅಂತ ಮಗು ಥರ ಸಾಕಿದ್ದಾರೆ. ನೀವು ಆಮೆ ಸಾಕಿದರೆ ಸರಿ, ನಾವು ಸಾಕಿದರೆ ತಪ್ಪಾ?

ರೆಡಿಂಗ್‌ನಿಂದ: ಹೌದು, ತಪ್ಪೇ. ನಮ್ಮ ಆಮೆಗೆ ಸರ್ಟಿಫಿಕೇಟ್ ಇದೆ, ಮೈಯಲ್ಲಿ ಮೈಕ್ರೋಚಿಪ್ ಇದೆ. ಕೋಲಾರದ ಕಡೆ ಬಯಲಿಂದ ನಕ್ಷತ್ರ ಆಮೆಗಳನ್ನು ಚೀಲದಲ್ಲಿ ತುಂಬಿ ಸಾಗಿಸುತ್ತಾರಲ್ಲ, ಅದು ನಡೀತಿರೋದಕ್ಕೆ ಈ ಅದೃಷ್ಟದ ನಂಬಿಕೆಯೂ ಒಂದು ಕಾರಣ.

ಸ್ಲೌನಿಂದ: ಜಗಳ ಬೇಡ, ದಯವಿಟ್ಟು. ಮಲಗಿಸೋಣ ಅಂತಲೇ ಇದ್ದೇವೆ. ಅಡುಗೆಮನೆಯಲ್ಲಿ ಜಾಗ ಇಲ್ಲ. ಫ್ರಿಜ್ಜನ್ನು ಗ್ಯಾರೇಜಿನಲ್ಲಿಟ್ಟರೆ ನಡೆಯುತ್ತಾ?

ಲೀಡ್ಸ್‌ನಿಂದ: ನಡೆಯುತ್ತೆ. ದಿನಕ್ಕೊಮ್ಮೆ ಬಾಗಿಲು ತೆಗೆದು ಗಾಳಿ ಆಡಿಸಿ, ಸಾಕು.

ರೆಡಿಂಗ್‌ನಿಂದ: ನಡೆಯಲ್ಲ! ಫ್ರಿಜ್‌ಗೆ ತಣ್ಣಗೆ ಮಾಡೋದು ಗೊತ್ತು, ಬೆಚ್ಚಗೆ ಮಾಡೋದು ಗೊತ್ತಿಲ್ಲ. ಗ್ಯಾರೇಜು ಸೊನ್ನೆಗೆ ಇಳಿದರೆ ಒಳಗೂ ಇಳಿಯುತ್ತೆ. ಮೆಟ್ಟಿಲ ಕೆಳಗೋ, ರೂಮಿನ ಮೂಲೆಗೋ, ಮನೆಯೊಳಗೇ ಇಡಿ.